ದೊಣೆಯಬ್ಬಿಯ ಗೇಟು

ಕಳೆದ ತಿಂಗಳು ಅಕ್ಕನ ಮಗಳು ವೀಣಾ ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಗೆ ಪೇಡೆಯ ಪೊಟ್ಟಣ ಹಿಡಿದು ಬಂದಳು. ಫಾರೆಸ್ಟ್ ಗಾರ್ಡ್ ಆಗಿ ಆಯ್ಕೆಯಾಗಿ, ತರಬೇತಿ ಮುಗಿಸಿ, ಮೊದಲ ಜಾಗ ಸಿಕ್ಕಿದ ಖುಷಿ ಅವಳ ಮುಖದ ತುಂಬ ಇತ್ತು.

"ಮಾಮಾ, ಎಲ್ಲಿ ಹಾಕಿದ್ರು ಹೇಳು ನೋಡ್ವಾ? ಜಲಪಾತದ ಬೀಟು! ನಿನ್ನ ಹಾಂಗೇ! ಜನ ರಜೆ ಹಾಕಿ ನೋಡೂಕೆ ಬರೂ ಜಾಗದಲ್ಲಿ ನಂಗೆ ದಿನಾ ಡ್ಯೂಟಿ."

ಬಾಯಿಗೆ ಹಾಕಲು ಎತ್ತಿದ ಪೇಡೆಯನ್ನು ಪೊಟ್ಟಣಕ್ಕೇ ಇಟ್ಟೆ. ಅಡುಗೆಮನೆಯ ಬಾಗಿಲಿನಿಂದ ಹೆಂಡತಿ ನನ್ನತ್ತ ಕಣ್ಣು ಬಿಟ್ಟಳು. ಹುಡುಗಿ ಖುಷಿಯಲ್ಲಿ ಬಂದಿದ್ದಾಳೆ, ನಿಮ್ಮ ಪುರಾಣ ಬಿಚ್ಚಬೇಡಿ ಎಂದು ಅದರ ಅರ್ಥ. "ಚೊಲೋ ಆಯ್ತು ಮಗಾ, ದೇವ್ರು ಒಳ್ಳೇದು ಮಾಡ್ಲಿ" ಎಂದು ಹೇಳಿ ಕಳಿಸಿದೆ. ಅವಳ ಎದುರು ಆಡಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಅವಳು ಓದಲಿ, ಅವಳ ಜೊತೆ ಕೆಲಸಕ್ಕೆ ಸೇರಿದವರೂ ಓದಲಿ. ನಾನು ಯಾವಾಗ ಗಾರ್ಡ್ ಆದೆ, ಯಾವಾಗ ಫಾರೆಸ್ಟರ್ ಆದೆ ಎಂಬುದೆಲ್ಲ ಪೆನ್ಷನ್ ಕಾಗದದಲ್ಲಿದೆ. ಅದನ್ನು ಕಟ್ಟಿಕೊಂಡು ನಿಮಗೇನು ಆಗಬೇಕಿದೆ?

ಬಾಳೆಗುಳಿ ಕ್ರಾಸಿನಲ್ಲಿ ಹುಬ್ಬಳ್ಳಿ ರಸ್ತೆಗೆ ತಿರುಗಿ, ಅಗಸೂರು ದಾಟಿ, ಕಾಡಿನ ದಾರಿ ಹಿಡಿದು ಒಳಗೆ ಹೋದರೆ ಘಟ್ಟದ ಬುಡದಲ್ಲಿ ಒಂದು ಕೊಳ್ಳ ಸಿಗುತ್ತದೆ. ಗಂಗಾವಳಿ ಸೇರುವ ಹೊಳೆಯೊಂದು ಆ ಕೊಳ್ಳದಲ್ಲಿ ಬಂಡೆಯಿಂದ ಬಂಡೆಗೆ ಧುಮುಕುತ್ತ ಬರುತ್ತದೆ. ಕೊನೆಯ ಧುಮುಕು ದೊಣೆಯಬ್ಬಿ. ನಮ್ಮ ಕಡೆ ಬೀಳುವ ನೀರಿಗೆ ಅಬ್ಬಿ ಎನ್ನುತ್ತಾರೆ, ನೀರು ಬಂಡೆಯಲ್ಲಿ ಕೊರೆದ ಹೊಂಡಕ್ಕೆ ದೊಣೆ. ಚೆಂದ ಇಲ್ಲ ಎಂದು ನಾನೂ ಹೇಳುವುದಿಲ್ಲ. ಬಿಸಿಲು ಕೊಳ್ಳಕ್ಕೆ ಇಳಿಯುವ ಹೊತ್ತಿನಲ್ಲಿ ಎಷ್ಟೋ ವರ್ಷ ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಆದರೆ ಆ ಹೊಂಡದ ಹಸಿರು ನೀರು ಮೇಲೆ ಅಲ್ಲಾಡುವುದಿಲ್ಲ, ಅದೇ ಮೋಸ. ಅಡಿಯಲ್ಲಿ ನೀರು ಬಂಡೆಯ ಬುಡವನ್ನು ಒಳಕ್ಕೆ ಕೊರೆದು ಒಂದು ಗುಹೆ ಮಾಡಿದೆ. ಊರವರು ಅದಕ್ಕೆ ಅಬ್ಬಿಯ ಹೊಟ್ಟೆ ಎನ್ನುತ್ತಿದ್ದರು. ಮುಳುಗಿದವರು ಹೋಗಿ ಸಿಕ್ಕಿಕೊಳ್ಳುವುದು ಅಲ್ಲಿ.

ಇನ್ನೊಂದು ಮೋಸ ಮೇಲಿನಿಂದ ಬರುತ್ತದೆ. ಇಲ್ಲಿ ಒಳ್ಳೆ ಬಿಸಿಲು ಇರುವಾಗಲೇ ಘಟ್ಟದ ಮೇಲೆ ಮಳೆ ಸುರಿದು ಹೊಳೆ ಏರಿಬಿಡುತ್ತದೆ. ಏರುವ ಮೊದಲು ಒಂದೇ ಒಂದು ಸೂಚನೆ, ದರಕು. ದಡದಲ್ಲಿ ಬಿದ್ದಿದ್ದ ಒಣ ಎಲೆಗಳನ್ನು ಏರುವ ನೀರು ಎತ್ತಿಕೊಂಡು ಮುಂದೆ ತಳ್ಳುತ್ತದೆ. ಅಬ್ಬಿಯ ತಲೆಯಲ್ಲಿ ದರಕು ಕಾಣಿಸಿತು ಎಂದರೆ ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಇಲ್ಲ. ಅಷ್ಟರಲ್ಲಿ ಹೊಂಡದಲ್ಲಿ ಇದ್ದವರು ಮೇಲೆ ಬಂದಿರಬೇಕು. ಹಾಗಾಗಿ ನಮ್ಮ ಕೆಲಸ ಇಷ್ಟೇ: ಮೇಲಿನ ಬಂಡೆಯ ಮೇಲೆ ಒಬ್ಬ ಕೂತು ನೀರು ನೋಡುವುದು, ಎಲೆ ಕಂಡರೆ ಸಿಳ್ಳೆ ಊದುವುದು. ಕೇಳಲು ಇಷ್ಟು ಸಣ್ಣದು.

ಆ ಬಂಡೆಯ ಮೇಲೆ ಕೂರುತ್ತಿದ್ದವನು ಬೀರು. ದಿನಗೂಲಿ ವಾಚರ್, ಕೊಳ್ಳದ ಬಾಯಲ್ಲೇ ಅವನ ಮನೆ. ಕುಳ್ಳ, ಗಟ್ಟಿ ಆಳು, ಬಾಯಲ್ಲಿ ಸದಾ ಎಲೆಯಡಿಕೆ, ಅದರ ಸಂದಿಯಿಂದ ಹೊರಬೀಳುವ ಕುಚೇಷ್ಟೆ. ನಾನು ಅಲ್ಲಿಗೆ ಹೋದ ಮೊದಲ ದಿನವೇ ನನ್ನನ್ನು ಅಳೆದು ನೋಡಿದ.

"ನಾಯ್ಕ್ರೇ, ನೀವು ಕಾರವಾರದೋರು, ಸಮುದ್ರ ಕಂಡೋರು. ನಿಮ್ಗೆ ನಮ್ ಹೊಳೆ ಎಂತಾ ಲೆಕ್ಕ, ಅಲ್ಲನ್ರಾ?"

"ಹೌದಪ್ಪ, ಸಮುದ್ರದಲ್ಲೇ ಈಜು ಕಲಿತವನು ನಾನು" ಎಂದೆ ಜಂಬದಲ್ಲಿ.

"ಹಾಂಗಾರೆ ಒಂದು ಕಾಲು ಇಡಿ ನೋಡ್ವಾ."

ಇಟ್ಟೆ. ಮಂಡಿಯವರೆಗಿನ ನೀರು ಕಾಲನ್ನು ಹಿಡಿದು ಎಳೆದ ರಭಸಕ್ಕೆ ಅವನ ತೋಳಿಗೆ ಜೋತುಬಿದ್ದೆ. ಬೀರು ನಗಲಿಲ್ಲ. ನಗು ಬಂದಿದ್ದರೂ ಎಲೆಯಡಿಕೆಯ ಜೊತೆ ನುಂಗಿಕೊಂಡಿರಬೇಕು. ನಕ್ಕವಳು ಅವನ ಹೆಂಡತಿ ಸೋಮಿ. ದಾರಿಯ ತಿರುವಿನಲ್ಲಿ ತಟ್ಟಿ ಕಟ್ಟಿಕೊಂಡು ಚಹಾ, ಮುರುಗಲ ಶರಬತ್ತು ಮಾರುತ್ತಿದ್ದಳು. "ಸಾಕು ಬಿಡು, ಪಾಪ, ಸಂಬ್ಳಕ್ಕೆ ಬಂದೋರು" ಎಂದು ಗಂಡನಿಗೆ ಗದರಿ ನನಗೊಂದು ಚಹಾ ಕೊಟ್ಟಳು. ಅಂದಿನಿಂದ ನಿವೃತ್ತಿಯವರೆಗೆ ನನ್ನ ಚಹಾ ಅಲ್ಲೇ.

ನಾನು ಸೇರಿದ ಕಾಲದಲ್ಲಿ ಅಬ್ಬಿಗೆ ಬರುವವರು ಬೆರಳೆಣಿಕೆ. ಆಗಿನ ಸಾಹೇಬರು ಹಳೆಯ ಕಾಲದವರು, ಕಾಡು ನಡೆದು ನೋಡುವವರು. ಒಬ್ಬ ಮುಳುಗಿ ಸತ್ತಾಗ ನಾನು ಕಾವಲಿಗೆ ಇನ್ನೊಬ್ಬ ಆಳು ಬೇಕು ಎಂದು ಕೇಳಿದ್ದಕ್ಕೆ, "ನಾವು ಮರ ಕಾಯುವವರು ನಾಯ್ಕ, ಸಾಯಲು ಬಂದವರನ್ನಲ್ಲ" ಎಂದು ಬೈದು ಕಳಿಸಿದ್ದರು. ಆಮೇಲೆ ಮೊಬೈಲು ಬಂತು. ಯಾರೋ ಒಬ್ಬ ಅಬ್ಬಿಯ ಕೆಳಗೆ ನಿಂತು ವಿಡಿಯೋ ಮಾಡಿ ಬಿಟ್ಟ. ಅಲ್ಲಿಂದ ಮುಂದೆ ಶನಿವಾರ ಭಾನುವಾರ ಅಗಸೂರಿನವರೆಗೆ ಕಾರಿನ ಸಾಲು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಗಾದೆ ಇದೆಯಲ್ಲ, ನಮ್ಮಲ್ಲಿ ಬಂದವರೆಲ್ಲ ನೀರಿಗೇ ಬಂದವರು.

ಸಾವು ಹೆಚ್ಚಿತು. ಹೆಚ್ಚಿದ ಹಾಗೆ ಮೇಲಿನವರಿಗೆ ಹೊಸ ಹೊಸ ಉಪಾಯ ಹೊಳೆಯತೊಡಗಿತು. ಮೊದಲು ಬೋರ್ಡು. ತಲೆಬುರುಡೆ ಬರೆಸಿ, ಕೆಂಪು ಅಕ್ಷರದಲ್ಲಿ ಅಪಾಯ ಎಂದು ಬರೆಸಿ ನಿಲ್ಲಿಸಿದೆವು. ಜನ ಬುರುಡೆಯ ಹೆಗಲ ಮೇಲೆ ಕೈ ಹಾಕಿದ ಹಾಗೆ ನಿಂತು ಫೋಟೋ ತೆಗೆಸಿಕೊಂಡರು. "ನಾಯ್ಕ್ರೇ, ಆ ಬುರ್ಡೆಗಿರೂ ಕಿಮ್ಮತ್ತು ನಿಮ್ಗಿಲ್ಲ" ಎಂದ ಬೀರು. ಆಮೇಲೆ ಸೈರನ್ನು. ಹೊಳೆಯ ಮೇಲ್ಭಾಗದಲ್ಲಿ ಏನೋ ಯಂತ್ರ ಕೂರಿಸಿದ್ದರು, ನೀರು ಏರಿದರೆ ಇಲ್ಲಿ ಕೂಗಬೇಕು. ಮಂಗಗಳು ಅದರ ವೈರಿನಲ್ಲಿ ಜೋಕಾಲಿ ಆಡಿ ದಿನಕ್ಕೆ ಹತ್ತು ಸಲ ಕೂಗಿಸಿದವು. ಮೊದಮೊದಲು ಜನ ಹೆದರಿ ಓಡಿದರು, ಆಮೇಲೆ ಅದು ಕೂಗಿದಾಗೆಲ್ಲ ನೀರಿನಲ್ಲೇ ಕುಣಿಯತೊಡಗಿದರು.

ಮತ್ತೊಬ್ಬ ಸಾಹೇಬರು ಉತ್ಸಾಹಿ ಮನುಷ್ಯ. ಕೆಟ್ಟವರಲ್ಲ, ಆದರೆ ಕೇಳಿಸಿಕೊಳ್ಳುವವರಲ್ಲ. ಹೊಂಡದ ಬದಿಗೆ ಕಬ್ಬಿಣದ ಕಟಕಟೆ ಹಾಕಿಸಿದರೆ ಜನ ದೂರ ನಿಲ್ಲುತ್ತಾರೆ ಎಂದರು. ನೆರೆ ಬಂದರೆ ಕಿತ್ತುಕೊಂಡು ಹೋಗುತ್ತದೆ ಸಾಹೇಬ್ರೇ ಎಂದೆ. ಸಿಮೆಂಟು ಹಾಕಿಸುತ್ತೇನಲ್ಲ ಎಂದರು. ಜನ ಕಟಕಟೆಯ ಮೇಲೆ ಹತ್ತಿ ಕೂತು ಅಲ್ಲಿಂದ ಹಾರಿದರು. ಮಳೆಗಾಲ ಬಂದದ್ದೇ ಹೊಳೆ ಅದನ್ನು ಸಿಮೆಂಟಿನ ಸಮೇತ ಎತ್ತಿ ಹೊಂಡಕ್ಕೆ ಹಾಕಿತು. ಮುಂದಿನ ಸಲ ಹೆಣ ತೆಗೆಯಲು ಮುಳುಗಿದ ಬೀರುವಿನ ತೊಡೆ ಆ ಕಟಕಟೆಯ ಪೈಪಿಗೆ ಸಿಕ್ಕಿ ಸೀಳಿತು. ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗೆ ಆ ಮೇಲೆ ಎಲ್ಲರಿಗೂ ಬುದ್ಧಿ ಬಂತು.

ಇದೇ ಸಾಹೇಬರ ಕಾಲದಲ್ಲಿ ಒಮ್ಮೆ ನಾನು ರೋಸಿಹೋಗಿ, ಕುಡಿದು ಗಲಾಟೆ ಮಾಡುತ್ತಿದ್ದ ಒಂದು ತಂಡವನ್ನು ಬೈದು, ಗೇಟಿನಿಂದ ಹೊರಗೆ ತಳ್ಳಿ ಬೀಗ ಹಾಕಿದೆ. ಸಂಜೆಗೆ ಗೊತ್ತಾಯಿತು, ಅವರು ಸಾಹೇಬರ ಮಾವನ ಮನೆಯವರು! ಮರುದಿನ ಕಾರವಾರದ ಆಫೀಸಿನಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಬೀರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಮ್ ನಶೀಬು ಚೊಲೋ ಅದೆ. ಒಳ್ಗೆ ಬಿಟ್ಟಿದ್ರೆ ಸಾಯ್ಬ್ರ ಮಾವನ್ನ ನಾ ಎತ್ಬೇಕಾಗಿತ್ತು."

ಎತ್ತುವುದು. ವೀಣಾ, ತರಬೇತಿಯಲ್ಲಿ ನಿನಗೆ ಇದನ್ನು ಹೇಳಿಕೊಟ್ಟಿರುವುದಿಲ್ಲ. ಅಬ್ಬಿಯ ಹೊಟ್ಟೆಯೊಳಗೆ ಹೋಗಿ ಹೆಣ ತರಬಲ್ಲವನು ಆ ಸೀಮೆಗೆಲ್ಲ ಬೀರು ಒಬ್ಬನೇ. ಅಲ್ಲಿ ಕಣ್ಣು ಬಿಟ್ಟರೂ ಏನೂ ಕಾಣುವುದಿಲ್ಲವಂತೆ. ಎಡಗೈಯಲ್ಲಿ ಬಂಡೆಯ ಮೇಲ್ಛಾವಣಿ ಸವರುತ್ತ, ಎಲ್ಲಿ ಕಲ್ಲು ನುಣ್ಣಗಾಗುತ್ತದೋ ಅಲ್ಲಿ ತಿರುಗಿ, ಕಾಲಲ್ಲಿ ತಡಕಬೇಕು. ಅವನ ಅಪ್ಪ ಕಲಿಸಿದ್ದು. ತಮ್ಮ ಗಣಪು ಕಲಿಯಲು ಹೋಗಿ ಮೂಗಿನಲ್ಲಿ ರಕ್ತ ಬಂದು ಬಿಟ್ಟುಬಿಟ್ಟಿದ್ದ.

ಒಂದು ಸಲದ್ದು ಹೇಳುತ್ತೇನೆ. ಘಟ್ಟದ ಮೇಲಿನ ಕಾಲೇಜು ಹುಡುಗ, ಮುಳುಗಿ ಒಂದು ದಿನ ಕಳೆದಿತ್ತು. ಅವನ ತಾಯಿ ಬಂದು ಬಂಡೆಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಮಗನ ಟವೆಲನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಬೀರು ಬಾಯಿಯ ಎಲೆಯಡಿಕೆ ಉಗಿದು, ಬಾಯಿ ತೊಳೆದು, ಒಂದು ತೆಂಗಿನಕಾಯಿ ಒಡೆದು ನೀರಿಗೆ ಬಿಟ್ಟ. ಆಮೇಲೆ ಹೊಂಡದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಮನೆಯ ಮಕ್ಕಳನ್ನು ಊಟಕ್ಕೆ ಕರೆಯುವ ದನಿಯಲ್ಲಿ ನೀರಿನ ಜೊತೆ ಮಾತಾಡಿದ.

"ಸಾಕು ಬಾ ತಮಾ. ನಿನ್ ಅವ್ವಿ ಬಂದು ಕೂತದೆ. ಎಷ್ಟೊತ್ತು ಕಾಯ್ಸ್ತೆ?"

ಎರಡು ಸಲ ಬರಿಗೈಯಲ್ಲಿ ಬಂದ. ಮೂರನೆಯ ಸಲ ಹುಡುಗನನ್ನು ತಂದ. ಆ ದಿನ ಬೀರು ಊಟ ಮಾಡಲಿಲ್ಲ, ಯಾವ ಸಲವೂ ಮಾಡುತ್ತಿರಲಿಲ್ಲ. ಸೋಮಿ ಹಂಡೆಯಲ್ಲಿ ನೀರು ಕಾಯಿಸಿ ಮೀಯಿಸುತ್ತ ಬೈಯುವುದು ನಮಗೆಲ್ಲ ಕೇಳುತ್ತಿತ್ತು. "ಯಾರ್ಯಾರ್ದೋ ಮಕ್ಳಿಗೆ ನಿನ್ ಉಸ್ರು ಖರ್ಚು ಮಾಡ್ತೆ. ಒಂದಿನ ನೀನೇ ಅಲ್ಲಿ ಉಳೀತೆ ನೋಡ್ಕ."

"ನಂಗೆ ಎಂತಾ ಆಗೂದಿಲ್ವೇ. ಅಬ್ಬಿ ಊರವ್ರನ್ನ ಮುಟ್ಟೂದಿಲ್ಲ."

ಇದು ಅವನೊಬ್ಬನ ಮಾತಲ್ಲ, ಆ ಊರಿನವರೆಲ್ಲರ ಮಾತು. ಮಳೆಗಾಲಕ್ಕೆ ಮುಂಚೆ ಹೊಂಡದ ಬದಿಯ ಕಲ್ಲಿಗೆ ಕಾಯಿ ಒಡೆದು ಕೋಳಿ ಕೊಡುತ್ತಿದ್ದರು. ಕೊಡುವುದನ್ನು ಕೊಟ್ಟಿದ್ದೇವೆ, ಇನ್ನು ಅದು ನಮ್ಮನ್ನು ಕೇಳುವುದಿಲ್ಲ ಎಂಬ ನಂಬಿಕೆ. ನಾನು ನಗುತ್ತಿರಲಿಲ್ಲ. ಯಾಕೆಂದರೆ ಹಿರಿಯರ ನೆನಪಿನಲ್ಲಿ ಊರವರು ಒಬ್ಬರೂ ಅಲ್ಲಿ ಸತ್ತಿರಲಿಲ್ಲ, ನಿಜ. ಹಾಗಾಗಿ ನಮ್ಮ ಕಟ್ಟುಪಾಡುಗಳೆಲ್ಲ ಹೊರಗಿನವರಿಗೆ. ಸಿಳ್ಳೆ ಹೊರಗಿನವರಿಗೆ, ಹಗ್ಗ ಹೊರಗಿನವರಿಗೆ, ಗೇಟು ಹೊರಗಿನವರಿಗೆ. ಗೇಟಿನ ಪಕ್ಕದಲ್ಲೇ ಊರವರ ಕಾಲುದಾರಿ ಇತ್ತು, ಅದಕ್ಕೆ ಬೇಲಿ ಹಾಕುವ ಯೋಚನೆ ಯಾರಿಗೂ ಬರಲಿಲ್ಲ. ಹಾಕಿದ್ದರೆ ಊರವರು ನನ್ನನ್ನು ಹುಚ್ಚ ಎನ್ನುತ್ತಿದ್ದರು.

ಮಳೆಗಾಲದಲ್ಲಿ ಅಬ್ಬಿಯನ್ನು ಮುಚ್ಚಬೇಕು ಎಂದು ನಾನು ವರ್ಷಗಟ್ಟಲೆ ಬಡಿದಾಡಿದೆ. ಸಾಹೇಬರು ಬದಲಾದಾಗೆಲ್ಲ ಹೋಗಿ ಹೇಳುವುದು, ಅವರು ತಲೆಯಾಡಿಸುವುದು, ಅಲ್ಲಿಗೆ ಮುಗಿಯಿತು. ಕೊನೆಗೆ ಒಂದೇ ಮನೆಯ ಅಣ್ಣ ತಂಗಿ ಇಬ್ಬರೂ ಹೋದರು. ತಂಗಿಯನ್ನು ಹಿಡಿಯಲು ಅಣ್ಣ ಹಾರಿದ್ದು. ಅವರನ್ನೂ ಬೀರುವೇ ತಂದ. ಅದರ ನಂತರ ಆದೇಶ ಬಂತು, ಮಿರಗದಿಂದ ಮಳೆ ನಿಲ್ಲುವವರೆಗೆ ದೊಣೆಯಬ್ಬಿಗೆ ಪ್ರವೇಶವಿಲ್ಲ. ಮಿರಗ ಎಂದರೆ ನಮ್ಮ ಕರಾವಳಿಯಲ್ಲಿ ಮೃಗಶಿರಾ ಮಳೆ, ಮಳೆಗಾಲದ ಬಾಗಿಲು. ಗೇಟಿಗೆ ಹೊಸ ಬೀಗ ಹಾಕಿದ ದಿನ ನಾನು ಎಷ್ಟು ಹಗುರಾಗಿದ್ದೆ ಎಂದರೆ ಸೋಮಿಯ ತಟ್ಟಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ. ಇನ್ನು ನಾಲ್ಕು ತಿಂಗಳು ಯಾರೂ ಸಾಯುವುದಿಲ್ಲ ಎಂದು ನಂಬಿದ್ದೆ.

ಆ ಚಹಾದ ಹೊತ್ತಿನಲ್ಲಿ ಬೀರು ಒಂದು ಮಾತು ಹೇಳಿದ. ಮಿರಗದ ಮೊದಲ ಹೊಸನೀರಿಗೆ ಮೀನು ಹೊಳೆ ಹತ್ತುತ್ತವೆ. ಹತ್ತಿ ಬಂದವು ಅಬ್ಬಿಯ ಬುಡದಲ್ಲಿ ಮುಂದೆ ದಾರಿಯಿಲ್ಲದೆ ಒಟ್ಟುಗೂಡುತ್ತವೆ. ಊರಿನ ಗಂಡಸರೆಲ್ಲ ಅಂದು ಬಲೆ ಹಿಡಿದು ಹೊಂಡಕ್ಕೆ ಇಳಿಯುತ್ತಾರೆ, ಅದು ಅವರಿಗೆ ಹಬ್ಬ. ಬೀರು ಮಾತ್ರ ವಾಚರ್ ಆದಂದಿನಿಂದ ಇಳಿದಿರಲಿಲ್ಲ. ಅದೇ ದಿನ ಪೇಟೆಯ ಜನ ಮಳೆ ನೋಡಲು ಬರುತ್ತಿದ್ದರಲ್ಲ, ಅವನು ಮೇಲಿನ ಬಂಡೆಯ ಮೇಲೆ ಕೂತು ನೀರು ಕಾಯಬೇಕಿತ್ತು. ಕೆಳಗೆ ತಮ್ಮ, ನೆಂಟರು ಮೀನು ಹಿಡಿಯುವುದನ್ನು ನೋಡುತ್ತ ಕೂರುತ್ತಿದ್ದ.

"ಈ ವರ್ಷ ಜನ ಇಲ್ಲ, ನಂದೂ ರಜೆ. ನಾನೂ ಇಳೀತೆ ನಾಯ್ಕ್ರೇ!" ಎಂದ. ಅವನ ಮುಖದಲ್ಲಿ ಅಂಥ ಖುಷಿಯನ್ನು ನಾನು ಹಿಂದೆ ಕಂಡಿರಲಿಲ್ಲ.

"ನಿಂಗೆ ಮೀನು ಹಿಡಿಯೂದು ಮರ್ತೇ ಹೋಗಿರ್ತದೆ ಬಿಡು" ಎಂದು ಸೋಮಿ ಕೆಣಕಿದಳು.

"ಮನುಷ್ಯರ್ನೇ ಹಿಡ್ದೋನಿಗೆ ಮೀನು ಎಂತದೇ?"

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಮಿರಗದ ಹೊಸನೀರು ಬಂದ ದಿನ ನನ್ನನ್ನು ಕಾರವಾರಕ್ಕೆ ಕರೆಸಿದ್ದರು. ಬೇರೆ ಕಡೆಯ ಗಾರ್ಡುಗಳಿಗೆ, ಜಲಪಾತವನ್ನು ಹೇಗೆ ಮುಚ್ಚಿದೆವು ಎಂದು ನಾನು ಹೇಳಬೇಕಿತ್ತು. ಹೇಳಿದೆ. ಚಪ್ಪಾಳೆಯೂ ಬಿತ್ತು. ಮಧ್ಯಾಹ್ನದ ಬಸ್ಸಿಗೆ ಹೊರಟು ಬಾಳೆಗುಳಿಯಲ್ಲಿ ಇಳಿದು ಮುಂದಿನ ಗಾಡಿಗೆ ಕಾಯುತ್ತಿದ್ದೆ. ಇಲ್ಲಿ ಮಳೆಯ ಹನಿ ಇಲ್ಲ, ಘಟ್ಟದ ಮೇಲೆ ಮಾತ್ರ ಕಪ್ಪು ಮೋಡ ಕೂತಿತ್ತು. ಫೋನು ಬಂತು. ಗಣಪು.

"ನಾಯ್ಕ್ರೇ, ಅಣ್ಣ ಮೇಲೆ ಬರ್ಲಿಲ್ಲ."

"ಎಲ್ಲಿಂದ?" ಎಂದು ಕೇಳಿದೆ. ಎಂಥ ಪ್ರಶ್ನೆ!

ನಡೆದದ್ದು ಇಷ್ಟು. ಹೊಂಡದಲ್ಲಿ ಏಳೆಂಟು ಜನ ಇದ್ದರು. ಬೀರು ಎಲ್ಲರಿಗಿಂತ ಮುಂದೆ, ನೀರು ಬೀಳುವಲ್ಲಿನ ಕಲ್ಲಿನ ಮೇಲೆ ನಿಂತು ಬಲೆ ಬೀಸುತ್ತಿದ್ದ. ಮೇಲಿನ ಬಂಡೆಯ ಮೇಲೆ ಯಾರೂ ಇರಲಿಲ್ಲ. ಅಲ್ಲಿ ಕೂರಬೇಕಾದವನು ಕೆಳಗೆ ಇದ್ದ, ಬೇರೆಯವರಿಗೆ ಆ ಯೋಚನೆಯೇ ಇಲ್ಲ, ಊರವರೇ ಅಲ್ಲವೇ ಎಲ್ಲ. ದರಕನ್ನು ಮೊದಲು ಕಂಡವನೂ ಬೀರುವೇ. ಆದರೆ ಅಬ್ಬಿಯ ತಲೆಯಲ್ಲಿ ಅಲ್ಲ, ತನ್ನ ಬಲೆಯಲ್ಲಿ. ಮೀನಿನ ಬದಲು ಒಣ ಎಲೆ ತುಂಬಿ ಬಂದಿತ್ತು. "ಏಳ್ರೋ, ಮೇಲೆ ಹತ್ರೋ!" ಎಂದು ಕೂಗಿದನಂತೆ. ಅಂಚಿನಲ್ಲಿದ್ದವರೆಲ್ಲ ಹತ್ತಿದರು. ನಡುವಿನಲ್ಲಿದ್ದವನಿಗೆ ಹತ್ತಲು ಹೊತ್ತು ಸಿಗಲಿಲ್ಲ.

ಗಾಡಿ ಹಿಡಿದು ನಾನು ಮುಟ್ಟುವಾಗ ಹೊಂಡ ಎಂಬುದೇ ಇರಲಿಲ್ಲ. ಕೊಳ್ಳದ ಅಗಲಕ್ಕೂ ಕೆಂಪು ನೀರು ಕುದಿಯುತ್ತಿತ್ತು. ಸೋಮಿ ದಡದಲ್ಲಿ ನಿಂತಿದ್ದಳು. ನನ್ನನ್ನು ಕಂಡು ಓಡಿ ಬಂದು ಎರಡೂ ಕೈಯಲ್ಲಿ ನನ್ನ ಅಂಗಿ ಹಿಡಿದಳು.

"ನಾಯ್ಕ್ರೇ, ಯಾರನ್ನಾರೂ ಇಳ್ಸಿ! ಇಷ್ಟು ಜನ ಇದ್ರಿ, ಒಬ್ರೂ ಇಳೀದಿಲ್ವಾ?"

ಯಾರನ್ನು ಇಳಿಸಲಿ? ಮರುದಿನ ದೋಣಿ, ಹಗ್ಗ, ಕಿತ್ತಳೆ ಜಾಕೆಟ್ಟು ತೆಗೆದುಕೊಂಡು ತಂಡ ಬಂತು. ಒಳ್ಳೆಯ ಹುಡುಗರು, ಜೀವದ ಹಂಗು ಬಿಟ್ಟು ಹುಡುಕಿದರು. ನೀರಿನಡಿಯ ಗುಹೆಯೊಳಗೆ ದಾರಿ ಯಾರಿಗೆ ಗೊತ್ತಿದೆ ಎಂದು ಅವರ ಮುಖ್ಯಸ್ಥ ಕೇಳಿದ. ಗೊತ್ತಿದ್ದವನು ಬೀರು ಒಬ್ಬನೇ, ಅವನು ಒಳಗಿದ್ದ. ಗಣಪು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗಿದ, ಮೂಗಿನಲ್ಲಿ ಬಾಯಲ್ಲಿ ರಕ್ತ ಸುರಿಸಿಕೊಂಡು ಬಂದ. ಮತ್ತೆ ಮುಳುಗುತ್ತೇನೆ ಎಂದವನನ್ನು ಹಿಡಿದು ಕಟ್ಟಿಹಾಕಬೇಕಾಯಿತು. ನೆರೆ ಇಳಿದ ಮೇಲೆ ನೋಡಿದರೆ ಗುಹೆಯ ಬಾಯಿಗೆ ಕಲ್ಲು, ಮರಳು, ಮರದ ಬೊಡ್ಡೆ ತಂದು ಗಿಡಿದಿತ್ತು. ತಂಡದವರು ಕೈ ಮುಗಿದು ಹೊರಟುಹೋದರು.

ಆ ದಿನಗಳಲ್ಲಿ ನನಗೆ ಅನಿಸಿದ್ದನ್ನು ಮರೆಮಾಚದೆ ಹೇಳುತ್ತೇನೆ. ಇಷ್ಟು ವರ್ಷ ನಾನು ಮಾಡಿದ ಕೆಲಸಕ್ಕೆ ಮೂರು ಕಾಸಿನ ಅರ್ಥವಿಲ್ಲ ಅನಿಸಿತು. ತೆರೆದಿಟ್ಟರೆ ಹೊರಗಿನವರು ಸತ್ತರು, ಮುಚ್ಚಿದರೆ ಬೀರು ಸತ್ತ. ಮಲಗಿದರೆ ನಿದ್ದೆ ಇಲ್ಲ, ಎದ್ದರೆ ಆ ಕಡೆ ಹೋಗಲು ಕಾಲು ಬರುತ್ತಿರಲಿಲ್ಲ. ವೀಣಾ, ಈ ಭಾವನೆ ಇವತ್ತಿಗೂ ಹೋಗಿಲ್ಲ. ಹೋಗುತ್ತದೆ ಎಂದು ಸುಳ್ಳು ಹೇಳಲಾರೆ.

ಕೆಲವು ದಿನ ಕಳೆದ ಮೇಲೆ ಊರಿನ ಹಿರಿಯರು ಸೇರಿ ದರ್ಭೆಯ ಬೊಂಬೆ ಮಾಡಿ ಕ್ರಿಯೆ ಮುಗಿಸೋಣ ಎಂದರು. ಶರೀರ ಸಿಗದವರಿಗೆ ಹಾಗೆ ಮಾಡುವ ಕ್ರಮ ಇದೆ. ಸೋಮಿ ಒಳಗಿನಿಂದ ಎದ್ದು ಬಂದು ಜಗುಲಿಯಲ್ಲಿ ನಿಂತಳು.

"ಹುಲ್ಲಿನ ಗಂಡ್ನ ಸುಟ್ಟು ನಾ ಬಳೆ ಒಡ್ಕಳೂದಿಲ್ಲ. ಅಂವ ಅಲ್ಲೇ ಅವ್ನೆ. ಎಲ್ಲಿ ಅಂತ ನಿಮ್ಗೆಲ್ಲ ಗೊತ್ತದೆ. ತಂದ್ಕೊಡಿ, ಆಮೇಲೆ ಎಂತಾ ಬೇಕಾರೂ ಮಾಡಿ."

ಆಮೇಲೆ ನನ್ನ ಕಡೆ ತಿರುಗಿ ತಣ್ಣಗೆ ಕೇಳಿದಳು. "ನಾಯ್ಕ್ರೇ, ಬ್ಯಾಸ್ಗೇಲಿ ನೀರು ಇಳೀತದೆ. ಆಗ ಕಲ್ಲು ತೆಗ್ಸಿ ನೋಡ್ವಾ. ಅಲ್ಲೀವರೆಗೆ ಗೇಟು ತೆಗೀಬೇಡಿ. ಅಂವ ಒಳ್ಗಿರೂವಾಗ ಜನ ಮೇಲೆ ಕುಣೀಬಾರ್ದು. ಇಷ್ಟೇ ನಾ ಕೇಳೂದು."

ಆಗಲಿ ಎಂದೆ. ನನ್ನ ಸರ್ವಿಸ್ಸಿನಲ್ಲಿ ಇದಕ್ಕಿಂತ ಸಣ್ಣ ಬೇಡಿಕೆ ಯಾರೂ ಇಟ್ಟಿರಲಿಲ್ಲ. ಬೇಸಿಗೆಯವರೆಗೆ ಒಂದು ಬೀಗ, ಅಷ್ಟೇ ತಾನೇ?

ಮಳೆ ನಿಲ್ಲುತ್ತಿದ್ದಂತೆ ಕಾರವಾರಕ್ಕೆ ಹೋಗಿ ಸಾಹೇಬರ ಎದುರು ನಿಂತೆ. ಹೊಸಬರು, ಮೆದು ಮಾತಿನವರು, ನನ್ನನ್ನು ಕೂರಿಸಿ ಮಾತಾಡಿದರು.

"ನನಗೂ ಬೇಜಾರಿದೆ ನಾಯ್ಕ. ಆದರೆ ಆತ ಅಲ್ಲೇ ಇದ್ದಾನೆ ಅನ್ನೋದಕ್ಕೆ ಏನು ಆಧಾರ? ಅಂಥ ನೆರೆ. ಗಂಗಾವಳಿಗೆ ಹೋಗಿರಬಹುದು, ಸಮುದ್ರವನ್ನೇ ಸೇರಿರಬಹುದು."

"ಹೋಗಿಲ್ಲ ಸಾಹೇಬ್ರೇ. ಅಲ್ಲಿ ಮುಳುಗಿದವರು ಹೊರಗೆ ಹೋಗುವುದಿಲ್ಲ. ನಾನು ಎಷ್ಟು ಜನರನ್ನು ನೋಡಿದ್ದೇನೆ."

"ಇರಬಹುದು. ದೀಪಾವಳಿ ರಜೆ ಬರ್ತಾ ಇದೆ. ಗೇಟು ಬೇಗ ತೆಗೀರಿ ಅಂತ ನಿಮ್ಮ ಊರಿನವರೇ ಬಂದು ಕೇಳಿ ಹೋಗಿದ್ದಾರೆ."

"ಯಾರು?"

ಅವರು ಹೇಳಿದ ಹೆಸರುಗಳಲ್ಲಿ ಗಣಪುವಿನದೂ ಇತ್ತು. ಸ್ವಂತ ತಮ್ಮ!

ನೇರ ಅವನಲ್ಲಿಗೆ ಹೋದೆ. ಹೊಡೆಯುವಷ್ಟು ಸಿಟ್ಟು ಬಂದಿತ್ತು. ಅವನು ಬಾಡಿಗೆ ಜೀಪು ತೊಳೆಯುತ್ತಿದ್ದ. ನನ್ನನ್ನು ಕಂಡದ್ದೇ ತಲೆ ತಗ್ಗಿಸಿದ.

"ಹೌದು, ಹೋಗಿದ್ದೆ. ಬೈಯ್ರಿ" ಎಂದ. "ಮಳೆಗಾಲ ಇಡೀ ಜೀಪು ನಿಂತದೆ. ಅತ್ಗೆ ತಟ್ಟಿನೂ ಮುಚ್ಚೇ ಅದೆ. ಅವ್ಳಿಗೆ ಅಕ್ಕಿ ಹಾಕೂದು ನಾನು. ಊರಲ್ಲಿ ಎಲ್ಲರ ಮನೆ ಒಲೆ ಆ ಅಬ್ಬಿ ಮೇಲೆ ಉರೀತದೆ ನಾಯ್ಕ್ರೇ. ಅಣ್ಣ ಇದ್ದಿದ್ರೆ ಅಂವನೂ ತೆಗೀರಿ ಅಂತಿದ್ದ. ಅದ್ಕೆ ಹೋದೆ." ಹೇಳುತ್ತ ಹೇಳುತ್ತ ಬಾನೆಟ್ಟಿನ ಮೇಲೆ ತಲೆ ಇಟ್ಟು ಅಳತೊಡಗಿದ. ಬೈಯಲು ಬಂದವನು ಅವನ ಬೆನ್ನು ಸವರಿ ಬಂದೆ.

ನೀನು ಕೇಳಬಹುದು ವೀಣಾ, ಹಾಗಾದರೆ ಈ ಕೆಲಸದಲ್ಲಿ ನಾನು ಏನು ಮಾಡಬೇಕು ಎಂದು. ನನಗೆ ಗೊತ್ತಿಲ್ಲ. ಸಿಳ್ಳೆ ಊದು, ಅವರು ಕೇಳುವುದಿಲ್ಲ, ಆದರೂ ಊದು. ನಿನ್ನ ಜೊತೆ ಒಬ್ಬ ವಾಚರ್ ಇರುತ್ತಾನೆ, ಅವನು ರಜೆಯಲ್ಲಿದ್ದಾಗ ಅವನನ್ನು ಯಾರು ಕಾಯುತ್ತಾರೆ ಎಂದು ಕೇಳಿಕೋ. ಊರವರ ಕಾಲುದಾರಿಗೂ ಬೇಲಿ ಹಾಕು, ಹುಚ್ಚಿ ಎಂದರೆ ಅನ್ನಿಸಿಕೋ. ಇದರಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ.

ದೀಪಾವಳಿಯ ರಜೆಗೆ ಗೇಟು ತೆರೆಯುವ ಆದೇಶ ಬಂತು. ಬೀಗದ ಕೈ ನನ್ನ ಹತ್ತಿರ ಇತ್ತು. ಹಿಂದಿನ ದಿನ ಸೋಮಿಯ ಮನೆಗೆ ಹೋಗಿ, ನನ್ನ ಕೈಯಲ್ಲಿ ಆಗಲಿಲ್ಲ ತಂಗೀ ಎಂದೆ. ಅವಳು ಬೈಯಲಿಲ್ಲ. "ನಿಮ್ ಕೈಲಿ ಎಂತದೂ ಆಗೂದಿಲ್ಲ ಅಂತ ನಂಗೆ ಗೊತ್ತಿತ್ತು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಹೋಗುವಾಗಲೇ ಗೇಟಿನ ಹೊರಗೆ ನೂಕುನುಗ್ಗಲು. ಬೀಗ ತೆಗೆದೆ. ಆಗ ಸೋಮಿ ಕಾಲುದಾರಿಯಲ್ಲಿ ಬಂದು ಗೇಟಿನ ಪಕ್ಕ ನಿಂತಳು. ಕೊರಳಲ್ಲಿ ಕರಿಮಣಿ, ಕೈತುಂಬ ಬಳೆ. ಮುಂದೆ ನಿಂತಿದ್ದ ತಂಡದಲ್ಲಿ ಒಬ್ಬ ಹುಡುಗ, ಕಾಲೇಜಿನವನಿರಬೇಕು, ಮೊಬೈಲು ಹಿಡಿದು ಅವಳ ಕಡೆ ತಿರುಗಿದ. ಕೆಟ್ಟ ಹುಡುಗನಲ್ಲ, ಸುಮ್ಮನೆ ಕುತೂಹಲ.

"ಆಂಟಿ, ನೀವು ಇದೇ ಊರಿನವರಾ? ಇಲ್ಲಿ ತುಂಬ ಜನ ಸತ್ತಿದ್ದಾರಂತೆ, ಹೌದಾ?"

"ಹೌದು ತಮಾ. ಬಾಳ ಜನ" ಎಂದಳು ಸೋಮಿ. "ಎಲ್ಲಾರೂ ಮನೆಗೆ ಹೋದ್ರು. ನನ್ ಗಂಡ ಒಬ್ಬೊಬ್ಬರ್ನೇ ಎತ್ತಿ ಕಳ್ಸಿಕೊಟ್ಟ. ಈಗ ಅಂವ ಒಬ್ನೇ ಒಳ್ಗಿರೂದು." ಹುಡುಗ ಮೊಬೈಲು ಇಳಿಸಿದ. ಸೋಮಿ ಅವನ ಬರಿಗಾಲನ್ನು ನೋಡಿದಳು. "ಇಳೀವಾಗ ಸ್ವಲ್ಪ ನೋಡ್ಕಂಡು ಇಳೀರಿ, ಹಾಂ? ಅಂವನ ಮೇಲೆ ಕಾಲಿಡ್ಬೇಡಿ."

ಆ ಹುಡುಗ ಅಲ್ಲೇ ನಿಂತ. ಅವನ ಗೆಳೆಯರೂ ನಿಂತರು. ಹಿಂದಿನವರಿಗೆ ಏನೂ ಕೇಳಿಸಿರಲಿಲ್ಲ, ಯಾರೋ ಒಬ್ಬ "ಮುಂದೆ ಹೋಗ್ರೀ, ಯಾಕೆ ನಿಂತ್ರಿ" ಎಂದು ಕೂಗಿದ. ಯಾರೋ ಹಾರ್ನು ಬಾರಿಸಿದರು. ಹಿಂದಿನಿಂದ ತಳ್ಳಾಟ ಶುರುವಾಯಿತು. ನಾನು ಸೋಮಿಯ ತೋಳು ಹಿಡಿದು ಒಂದು ಬದಿಗೆ ಸರಿಸಿದೆ, ಜನ ನಮ್ಮ ಪಕ್ಕದಿಂದ ಹೊಂಡಕ್ಕೆ ಇಳಿದರು.